ಕರಿ ಆಡಿನ ಹಾಲು

ದಮೋನ್ ಹೊಸ್ತಿಲು ದಾಟುವ ಮೊದಲೇ ಆಡಿನ ವಾಸನೆ ಒಳಗೆ ಬಂತು. ಫಿಲಿನ್ನ ಮುಖ ತಿರುಗಿಸಿದಳು. ಗಂಡನ ಅಂಗಿಯ ಎದೆಯ ಮೇಲೆಲ್ಲ ಹಾಲಿನ ಕಲೆ, ಹುಳಿ ನಾತ.

ಹತ್ತು ದಿನದ ಹಿಂದೆ, ಹುಟ್ಟಿದ್ದು ಹೆಣ್ಣೆಂದು ತಿಳಿದಾಗ, ಮಾವ ಲಾಕೋನ್ ಕೂಸಿನ ಮುಖವನ್ನೂ ನೋಡಿರಲಿಲ್ಲ. ಗಡಿಗೆಯಲ್ಲಿ ಹಾಕಿ ಗುಡ್ಡದ ಮೇಲೆ ಬಿಟ್ಟು ಬಾ ಎಂದು ಮಗನಿಗೆ ಹೇಳಿದ್ದ. ಅರ್ಕಾಡಿಯ ನಾಡಿನ ಆ ಗುಡ್ಡಗಳಿಗೆ ಅದೇನೂ ಹೊಸದಲ್ಲ. ದಮೋನ್ ಗಡಿಗೆ ಎತ್ತಿಕೊಂಡ. ಹೆಂಡತಿಗೆ ಹೇಳಿದ್ದು ಇಷ್ಟೇ: "ಅಳು. ಅಪ್ಪನ ಎದುರಿಗೇ ಚೆನ್ನಾಗಿ ಅಳು."

ಇಂಥವನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದೆನಲ್ಲ ಎಂದು ಅವಳಿಗೆ ತನ್ನ ಮೈಯೇ ಹೇಸಿಗೆಯೆನಿಸಿತು.

ಮರುದಿನ ಮಾವ ಗುಡ್ಡ ಹತ್ತಿ ದೂರದಿಂದಲೇ ನೋಡಿ ಬಂದ. ಕಾಗೆಗಳು ಕೆಲಸ ಮುಗಿಸಿವೆ ಎಂದು ಹೇಳಿ, ಬಾಯಲ್ಲಿದ್ದ ಆಲಿವ್ ಬೀಜ ಉಗಿದು, ಊಟ ಬಡಿಸು ಎಂದ.

ಅಂದಿನಿಂದ ದಮೋನ್ ಹಗಲಿರುಳೂ ಆಡಿನ ದೊಡ್ಡಿಯಲ್ಲೇ. ಮನೆಗೆ ಬರುವುದು ಊಟಕ್ಕೆ ಮಾತ್ರ.

"ಆ ಕರಿ ಆಡಿನ ಹಾಲು ಮನೆಗೆ ಬರ್ತಾನೇ ಇಲ್ವಲ್ಲೋ," ಎಂದ ಮಾವ, ಇವತ್ತು ಮಗ ಊಟಕ್ಕೆ ಕೂತಾಗ.

"ತಾಯಿ ಇಲ್ಲದ ಮರಿ ಒಂದಿದೆ ಅಪ್ಪ. ಅದಕ್ಕೆ ಕುಡಿಸ್ತಿದೀನಿ. ಈ ಚಳಿ ದಾಟಿದ್ರೆ ಖಿಮೈರ ಆಗ್ತದೆ."

ಒಂದು ಚಳಿಗಾಲ ಬದುಕಿ ಉಳಿದ ಹೆಣ್ಣುಮರಿಗೆ ಮಾತ್ರ ಸಲ್ಲುವ ಹೆಸರು ಅದು. ಬೇಟೆಯ ದೇವಿ ಆರ್ಟೆಮಿಸ್‌ಗೆ ಬಲಿ ಕೊಡಲು ಅಂಥದ್ದೇ ಬೇಕು. ಮುದುಕ ಸಮಾಧಾನದಿಂದ ತಲೆಯಾಡಿಸಿದ.

ದಮೋನ್ ಹೆಂಡತಿಯತ್ತ ತಿರುಗಿ, ಮರಿಗೆ ಚಳಿಯಾಗುತ್ತಿದೆ, ನಿನ್ನ ಉಣ್ಣೆಯ ಶಾಲು ಕೊಡು ಎಂದು ಕೇಳಿದ. ಫಿಲಿನ್ನ ಅದನ್ನು ಅವನ ಮುಖಕ್ಕೇ ಎಸೆದಳು.

"ಹೆತ್ತ ಮಗಳಿಗೆ ಗಡಿಗೆ, ಆಡಿನ ಮರಿಗೆ ಶಾಲು. ಥೂ ನಿಮ್ಮ ಜನ್ಮಕ್ಕೆ."

ಅವನು ಶಾಲನ್ನು ಜೋಪಾನವಾಗಿ ಮಡಚಿಕೊಂಡು ಹೊರಟುಹೋದ.

ಬೆಳಗಾಗುತ್ತಲೇ ಅವಳು ಗುಡ್ಡ ಹತ್ತಿದಳು. ಎಲುಬನ್ನಾದರೂ ಮಣ್ಣು ಮಾಡಬೇಕು. ಗಡಿಗೆ ಮಗುಚಿ ಬಿದ್ದಿತ್ತು. ಕೂಸಿಗೆ ಸುತ್ತಿದ್ದ ಬಟ್ಟೆ ರಕ್ತ ಒಣಗಿ ಸೆಟೆದುಕೊಂಡಿತ್ತು, ಮೇಲೆ ನೊಣ. ಅವಳು ಮೂಗು ಮುಚ್ಚಿಕೊಂಡಳು. ಹೆತ್ತ ಕೂಸಿಗೇ ಮೂಗು ಮುಚ್ಚಿದೆನಲ್ಲ ಎಂದು ಹೇಸಿ ಕೈ ತೆಗೆದಳು. ಮೆಲ್ಲಗೆ ಬಟ್ಟೆ ಬಿಡಿಸಿದಳು.

ನಾಲ್ಕು ಪುಟ್ಟ ಗೊರಸುಗಳನ್ನು ಬೊಗಸೆಯಲ್ಲಿ ಹಿಡಿದುಕೊಂಡು, ಫಿಲಿನ್ನ ಕರಿ ಆಡಿನ ದೊಡ್ಡಿಯತ್ತ ಎದ್ದುಬಿದ್ದು ಓಡಿದಳು.