ಒಂದನೇ ಓಟಗಾರನ ಹೆಲ್ಮೆಟ್

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಅವುಚಿಕೊಂಡು ಓಡಿದ ಮಹಾಶೂರರಿಗೆ ಸ್ಥಾನ ಕೊಡುವವರು ಒಬ್ಬೊಬ್ಬರ ಹೆಲ್ಮೆಟ್ಟನ್ನೂ ತೊಟ್ಟು, ಅವರ ಇಡೀ ಬದುಕನ್ನು ಮೈಮೇಲೆ ಬರಿಸಿಕೊಳ್ಳಬೇಕೆಂಬುದು ನಿಯಮ; ತೆಗೆದ ಮೇಲೂ ಅದು ಇಳಿಯಲು ಹೊತ್ತು ಬೇಕು. ಹತ್ತು ಜನ ತಲೆಗೆ ತಿಂದ ಗುದ್ದುಗಳಿಂದ, ಸ್ಥಾನಪಟ್ಟಿ ಬರೆದು ಮುಗಿಸಿದ ಪಂಪಣ್ಣನ ತಲೆ ಸಿಡಿಯುತ್ತಿತ್ತು.

"ಇಪ್ಪತ್ತೆಂಟಕ್ಕೇ ಆಟ ಬಿಟ್ಟವನನ್ನ ಮೊದಲು ಹಾಕಿದ್ದೀರಲ್ರೀ!" ಆಯ್ಕೆ ಸಮಿತಿಯ ಅಧ್ಯಕ್ಷೆ ಶಾಲ್ಮಲಾ ಮೇಡಂ ಪಟ್ಟಿಯನ್ನು ಅವನ ಮೂಗಿನ ಮುಂದೆ ಆಡಿಸಿದರು. "ಹೆಚ್ಚು ಗಜ ಓಡಿದವನೇ ದೊಡ್ಡವನು."

"ಹೆಚ್ಚು ಗುದ್ದು ತಿನ್ನೋ ಮೊದಲೇ ಬಿಟ್ಟ, ಅದಕ್ಕೇ ಮುದುಕನಾದ ಮೇಲೂ ಮಗಳ ಹೆಸರು ನೆನಪಿರೋದು ಇವನೊಬ್ಬನಿಗೇ, ಮೇಡಂ. ಎಷ್ಟು ಸಲ ಬಡ್ಕೊಳ್ಲಿ? ನಿಮ್ಮ ದೊಡ್ಡವನನ್ನ ನೀವೇ ತೊಟ್ಟು ನೋಡಿ!"

ಮೇಡಂ ರೇಗಿ, ಹೆಚ್ಚು ಗಜ ಓಡಿದವನ ಹೆಲ್ಮೆಟ್ ತೊಟ್ಟರು. ನಿಮಿಷದ ನಂತರ ತೆಗೆದರು. ಹನ್ನೊಂದು ವರ್ಷ ತಮ್ಮ ಕೈಕೆಳಗೆ ದುಡಿದ ಪಂಪಣ್ಣನನ್ನು ದಿಟ್ಟಿಸಿ, "ನೀವ್ಯಾರು?" ಎಂದರು. ಪಟ್ಟಿಯನ್ನು ಮಾತ್ರ ಚೆಂಡಿನಂತೆ ಎದೆಗೆ ಅವುಚಿಕೊಂಡಿದ್ದರು.