ಕೆಂಪು ಬೊಟ್ಟು

ಕಾಡಿನಲ್ಲಿ ಬಂದೂಕು ಹಿಡಿದವರು ಅಡಗಿದ್ದರು. ಠಾಣೆಯ ಹೊರಗೆ ಜೀಪು ಹಾರ್ನ್ ಹಾಕುತ್ತಿತ್ತು. ಒಳಗೆ ಕಾನ್‌ಸ್ಟೇಬಲ್ ತನ್ನ ಹಳೆಯ ರೈಫಲ್ಲಿಗೆ ಗುಂಡು ತುಂಬುವ ಮ್ಯಾಗಜೀನ್‌ಗಳನ್ನು ಆರಿಸುತ್ತಿದ್ದ. ಹೋದ ಸಲ ಮ್ಯಾಗಜೀನಿನೊಳಗಿನ ಸ್ಪ್ರಿಂಗ್ ಸಡಿಲಾಗಿ, ಗುಂಡು ಮೇಲೇರದೆ, ಅವನ ಜೊತೆಗಾರ ಸತ್ತಿದ್ದ.

ರಜೆಯಲ್ಲಿದ್ದ ಹೆಡ್‌ಕಾನ್‌ಸ್ಟೇಬಲ್ ಫೋನಿನಲ್ಲಿ ಹೇಳಿದರು: "ಸ್ಪ್ರಿಂಗ್ ಹೋಗಿರೋವಕ್ಕೆ ಕೆಂಪು ಪೇಂಟಿನ ಬೊಟ್ಟು ಇಟ್ಟಿದೀನಿ ಕಣಯ್ಯ. ಅವನ್ನ ಮಾತ್ರ ಮುಟ್ಟಬೇಡ."

ಪೆಟ್ಟಿಗೆಯಲ್ಲಿದ್ದ ಹನ್ನೆರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಒಂದರಲ್ಲೂ ಬೊಟ್ಟಿರಲಿಲ್ಲ. ಉಸಿರು ಬಿಟ್ಟು, ನಾಲ್ಕಕ್ಕೆ ಗುಂಡು ತುಂಬಿಕೊಂಡು ಜೀಪು ಹತ್ತಿದ.

ಕಾಡಿನೊಳಗೆ ಇಳಿಯುವಾಗ ಪಕ್ಕದ ಪೇದೆ ಕೇಳಿದ: "ಮ್ಯಾಗಜೀನ್ ಹೆಂಗೆ ಹೊಳೀತಿವೆ ನೋಡ್ದಾ? ಆಯುಧಪೂಜೆ ಕುಂಕುಮ ಎಲ್ಲಾ ಬೆಳಿಗ್ಗೆ ನಾನೇ ಒರೆಸಿದ್ದು. ಕೆಲವದ್ರಲ್ಲಿ ಎಷ್ಟು ಒರೆಸಿದ್ರೂ ಹೋಗ್ಲಿಲ್ಲ ಗುರು, ಸೀಮೆಎಣ್ಣೆ ಹಾಕಿ ಉಜ್ಜಿದೆ."