ಜಿರಾಫೆಯ ನಾಲಗೆ

ಜಿರಾಫೆಯ ಮೊಳದುದ್ದದ ಕಪ್ಪು ನಾಲಗೆ ಸೊಪ್ಪಿನ ಜೊತೆಗೆ ಮಣಿಕಟ್ಟನ್ನೂ ಸುತ್ತಿಕೊಂಡಾಗ, ಮೃಗಾಲಯದ ಅಟ್ಟಣೆಯ ಮೇಲೆ ನಿಂತು ತಿನ್ನಿಸುತ್ತಿದ್ದ ಹುಡುಗಿ "ಅಮ್ಮಾ!" ಎಂದು ಕಿರುಚಿದಳು.

"ಬಂದೆ ಪುಟ್ಟಾ!" ಎನ್ನುತ್ತ, ಅಪ್ಪ ಹೋದ ವರ್ಷ ಮದುವೆಯಾಗಿ ಕರೆತಂದವಳು ಕೈಲಿದ್ದ ಐಸ್‌ಕ್ರೀಮ್ ಬಿಸಾಡಿ ಅಟ್ಟಣೆಯ ಮೆಟ್ಟಿಲು ಹತ್ತಿ ಓಡಿ ಬಂದಳು. ಹುಡುಗಿಗೆ ಅವಳು ಇವತ್ತಿನವರೆಗೂ 'ಆಂಟಿ', 'ನೀವು' ಅಷ್ಟೇ.

ಕೆಳಗೆ ನಿಂತಿದ್ದ ಅಪ್ಪ ನಕ್ಕುಬಿಟ್ಟ. "ನಿನ್ನನ್ನಲ್ಲ ಕಣೇ ಕರೆದಿದ್ದು! ಹೆದರಿದ್ರೆ ಎಲ್ಲರ ಬಾಯಲ್ಲೂ ಬರೋದು ಅದೇ. ಜಿರಲೆ ಕಂಡ್ರೆ ನಾನೂ ಅಮ್ಮಾ ಅಂತೀನಿ."

"ಗೊತ್ತು ಬಿಡಿ," ಎಂದು ಅವಳು ಹುಡುಗಿಯ ಕೈಗಂಟಿದ್ದ ಜೊಲ್ಲನ್ನು ತನ್ನ ಹೊಸ ಬಟ್ಟೆಗೇ ಒರೆಸಿಕೊಂಡಳು. ಮುಖ ಮಾತ್ರ ಸಪ್ಪಗಾಗಿತ್ತು.

ಹುಡುಗಿ ಆ ಮುಖವನ್ನೇ ನೋಡಿದಳು. ಆಮೇಲೆ ಬುಟ್ಟಿಯಿಂದ ಇನ್ನೊಂದು ಸೊಪ್ಪಿನ ಕಡ್ಡಿ ತೆಗೆದು ಅವಳ ಕೈಗಿಟ್ಟಳು.

"ಅದು ಕಚ್ಚಲ್ಲ, ಅಮ್ಮಾ. ಈಗ ನೀನು ಕೊಡು."